ಸದರಿ ಚಾಲಕನು ಮದ್ಯ ಮುಟ್ಟಿದವನಲ್ಲ

ಫೆಬ್ರವರಿ ೯

ಚಿರಂಜೀವಿ ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ಇತ್ತ ನಾನೂ ನಿನ್ನ ಅತ್ತಿಗೆಯೂ ಆರೋಗ್ಯದಿಂದಿದ್ದೇವೆ. ಅತ್ತಲಿನ ಅನಾರೋಗ್ಯದ ಸಂಗತಿ ನಿನ್ನ ಹೆಂಡತಿ ಮಾಡಿದ ಫೋನಿನಿಂದ ತಿಳಿಯಿತು. ಫೋನನ್ನು ಎತ್ತಿದವಳು ನಿನ್ನ ಅತ್ತಿಗೆ. ಆ ಯಂತ್ರದ ಮೇಲೆ ನನಗೆ ವಿಶ್ವಾಸವಿಲ್ಲವೆಂಬುದು ನೀನು ಬಲ್ಲ ವಿಷಯ. ಅದರಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಾಳೆ ಅದಕ್ಕೆ ಯಾರೂ ಬಾಧ್ಯರಾಗುವುದಿಲ್ಲ. ಆದ್ದರಿಂದ ಇನ್ನು ಮುಂದಿನ ವ್ಯವಹಾರವೆಲ್ಲ ಬರವಣಿಗೆಯಲ್ಲೇ ನಡೆಯತಕ್ಕದ್ದು.

ನನಗೆ ತಿಳಿದುಬಂದಿರುವುದೇನೆಂದರೆ: ಕಳೆದ ಶನಿವಾರ ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ನೀನು ನಡೆಸುತ್ತಿದ್ದ ಬಸ್ಸು ನಾಲ್ಕು ರಸ್ತೆ ಕೂಡುವಲ್ಲಿ ದಾರಿ ತಪ್ಪಿ ಪತ್ರಿಕೆಯ ಅಂಗಡಿಯೊಂದಕ್ಕೆ ತಾಗಿದ್ದು, ದೈವವಶಾತ್ ಯಾರಿಗೂ ಪೆಟ್ಟಾಗದಿದ್ದದ್ದು, ಸ್ಥಳಕ್ಕೆ ಬಂದ ಡಿಪೋದ ಮೇಲ್ವಿಚಾರಕನು ನಿನ್ನನ್ನು ಪಾನಮತ್ತನೆಂದು ಬರೆದುಕೊಂಡದ್ದು, ಈಗ ನೀನು ಅಮಾನತಿನಲ್ಲಿದ್ದು ವಿಚಾರಣೆಗೆ ಗುರಿಯಾಗಿರುವುದು. ಇದರಲ್ಲಿ ಹೆಚ್ಚುಕಡಿಮೆಯಿದ್ದಲ್ಲಿ ತಿಳಿಸು.

ನಿನ್ನ ಅರ್ಜಿಯನ್ನು ನಾನೇ ಬರೆಯುತ್ತೇನೆ. ನಿಮ್ಮ ಸಂಘದ ಕಾರ್ಯದರ್ಶಿಯ ಕೈಗೆ ಈ ಕೆಲಸವನ್ನು ಕೊಡಬೇಡ. ಅವನದು ಗೋಡೆಗೆ ಅಂಟಿಸುವ ಭಾಷೆ. ನ್ಯಾಯಾಲಯದ ನಕಲು ವಿಭಾಗದಲ್ಲಿ ಕುಳಿತು ನಾನು ಒಂದು ಆಯುಷ್ಯವನ್ನೇ ಸವೆಸಿದ್ದೇನೆ. ಎಂತೆಂಥ ವಕೀಲರ ಅರ್ಜಿಗಳು ಈ ಕೈಯಡಿಯಲ್ಲಿ ಹಾದುಹೋದವು! ಗೆಲ್ಲುವ ಅರ್ಜಿ ಯಾವುದು, ಸೋಲುವುದು ಯಾವುದು ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಬಲ್ಲೆ. ಪರರ ಅಳಲನ್ನು ಇಷ್ಟು ಕಾಲ ಬರೆದವನು ಸ್ವಂತ ತಮ್ಮನಿಗಾಗಿ ಒಂದು ಬರೆಯದಿದ್ದರೆ ಈ ಕೈ ಇದ್ದೂ ಏನು ಪ್ರಯೋಜನ?

ನಡೆದದ್ದನ್ನು ಕ್ರಮವಾಗಿ ಬರೆದು ಕಳುಹಿಸು. ಹಿಂದಿನ ಸಂಜೆ ನನ್ನ ನಿವೃತ್ತಿಯ ಔತಣಕ್ಕೆ ನೀನು ಬಂದಿದ್ದೆಯಷ್ಟೆ. ಆ ವಿಚಾರವನ್ನು ಮಾತ್ರ ಸದ್ಯಕ್ಕೆ ಯಾರ ಬಳಿಯೂ ಎತ್ತಬೇಕಾದ ಅಗತ್ಯವಿಲ್ಲ.

ನಿನ್ನ ಏಳಿಗೆಯನ್ನು ಬಯಸುವ,
ಅಣ್ಣ

*

ಫೆಬ್ರವರಿ ೧೪

ಅಣ್ಣನವರಿಗೆ ನಮಸ್ಕಾರಗಳು.

ನೀವು ಕ್ರಮವಾಗಿ ಬರೆ ಎಂದಿರಿ. ನೆನಪಿರುವಷ್ಟು ಬರೆಯುತ್ತೇನೆ. ನಡುವೆ ನನಗೇ ಗೊತ್ತಿಲ್ಲದ ಹೊತ್ತೊಂದಿದೆ. ಅದನ್ನು ಬೇರೆಯವರ ಬಾಯಿಂದ ಕೇಳಿದ್ದೇನೆ.

ನಿಮ್ಮ ಔತಣದಿಂದ ಕೊನೆಯ ರೈಲು ಹಿಡಿದು ಮನೆಗೆ ಬಂದಾಗ ನಾಲಿಗೆ ಒಣಗಿತ್ತು, ಕಣ್ಣು ಉರಿಯುತ್ತಿತ್ತು. ಬೆರಳು ಚುಚ್ಚಿ ನೋಡಿಕೊಂಡೆ. ಸಕ್ಕರೆ ಮುನ್ನೂರು ದಾಟಿತ್ತು. ಅನ್ನ ಮುಟ್ಟಿರಲಿಲ್ಲ, ಸಿಹಿ ಮುಟ್ಟಿರಲಿಲ್ಲ, ಆದರೂ ಮುನ್ನೂರು. ಗಾಬರಿಯಾಗಿ, ಮಾಮೂಲಿನ ಮಾತ್ರೆಯ ಜೊತೆಗೆ ಇನ್ನೊಂದನ್ನು ನುಂಗಿ ಮಲಗಿದೆ. ಯಾರನ್ನೂ ಕೇಳಲಿಲ್ಲ. ಆ ಬುದ್ಧಿ ನನ್ನದೇ.

ಬೆಳಿಗ್ಗೆ ಎದ್ದಾಗ ತಲೆ ಭಾರ. ಸಕ್ಕರೆ ಇಲ್ಲದ ಚಹಾ ಕುಡಿದು ಡಿಪೋಗೆ ಹೋದೆ. ರಾತ್ರಿ ಅಷ್ಟು ಏರಿದ್ದು ಇನ್ನೂ ಇಳಿದಿರಲಾರದು ಎಂದುಕೊಂಡು ತಿಂಡಿಯನ್ನೂ ಬಿಟ್ಟೆ. ಆಸ್ಪತ್ರೆಯ ಮುಂದಿನ ಸ್ಟಾಪು ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಸ್ಟೀರಿಂಗಿನ ಮೇಲೆ ಕೈ ಜಾರತೊಡಗಿತು, ಅಂಗೈಯೆಲ್ಲ ಬೆವರು. ಎದುರಿನ ಸಿಗ್ನಲ್ಲಿನ ದೀಪ ಎರಡಾಗಿ, ನಾಲ್ಕಾಗಿ ಕಂಡಿತು. ಬ್ರೇಕನ್ನು ಒತ್ತಿದ್ದೇನೆ, ಆದರೆ ಎಲ್ಲಿ ಒತ್ತಿದೆ ಎಂಬುದು ಗೊತ್ತಿಲ್ಲ. ನನ್ನನ್ನು ಡಿಪೋದಲ್ಲಿ 'ಬಸವನಹುಳು' ಎಂದು ಕರೆಯುತ್ತಾರೆ, ಅಷ್ಟು ನಿಧಾನವಾಗಿ ಓಡಿಸುವವನು ನಾನು. ಅದೇ ಪುಣ್ಯ. ಅಂಗಡಿಯ ತಗಡು ಮಾತ್ರ ಮಡಚಿಕೊಂಡಿತು.

ಇನ್ನು ಮುಂದಿನದು ಕಂಡಕ್ಟರು ಹೇಳಿದ್ದು. ಹಿಂದಿನ ಸೀಟಿನ ಹೆಂಗಸೊಬ್ಬಳು, "ಅಯ್ಯೋ, ಡ್ರೈವರ್ರಿಗೆ ಏನೋ ಆಗಿದೆ ನೋಡ್ರಿ!" ಎಂದು ಕೂಗಿದಳಂತೆ. ಪಕ್ಕದವನು, "ಏನಾಗಿರುತ್ತೆ? ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡು ಬಂದಿದಾನೆ" ಎಂದನಂತೆ. ಮೇಲ್ವಿಚಾರಕರು ಬಂದು ನನ್ನ ಬಾಯಿಯ ಹತ್ತಿರ ಮೂಗು ತಂದರಂತೆ. ಆಗ ನಾನು ತೊದಲುತ್ತ "ಸಕ್ಕರೆ, ಸಕ್ಕರೆ" ಎಂದೆನಂತೆ. ಅದಕ್ಕೆ ಅವರು, "ಸಕ್ಕರೆ ಬೇಕಂತೆ ಸಾಹೇಬ್ರಿಗೆ! ನಂಚ್ಕೊಳ್ಳೋಕೆ ಇನ್ನೇನು ಬೇಕು ಅಂತಾನೂ ಕೇಳ್ರಪ್ಪ" ಎಂದು ನಕ್ಕರಂತೆ. ಸುತ್ತ ನಿಂತವರೂ ನಕ್ಕರಂತೆ.

ನಗದೆ ಇದ್ದವಳು ಆಸ್ಪತ್ರೆಯ ನರ್ಸ್ ಒಬ್ಬಳೇ. ಬೆರಳು ಚುಚ್ಚಿದಾಗ ಮೂವತ್ತೆಂಟು ಬಂತು. ನರಕ್ಕೆ ಸಕ್ಕರೆ ನೀರು ಏರಿಸಿದ ಮೇಲೆ ನಾನು ಎದ್ದು ಕುಳಿತು, ನನ್ನ ಟೋಪಿ ಎಲ್ಲಿ ಎಂದು ಕೇಳಿದೆ. ಆದರೆ ಅದೇ ರಕ್ತದಲ್ಲಿ ಮದ್ಯದ ಅಂಶವೂ ಸ್ವಲ್ಪ ಇತ್ತು. ಕೆಲಸಕ್ಕೆ ಹನ್ನೆರಡು ಗಂಟೆ ಮೊದಲಿನಿಂದ ಕುಡಿಯಬಾರದು ಎಂಬುದು ನಮ್ಮಲ್ಲಿನ ನಿಯಮ.

ಸಂಘದ ಕಾರ್ಯದರ್ಶಿಯನ್ನು ನೀವು ಹಳಿದಿರಿ. ಆದರೆ ಆತ ಒಂದು ದಾರಿ ತೋರಿಸಿದ್ದಾನೆ. ಕಾಯಿಲೆಯಿಂದ ಆದ ತಪ್ಪನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡರೆ, ಚಾಲಕನನ್ನು ಸ್ಟೀರಿಂಗಿನಿಂದ ತೆಗೆದು ವರ್ಕ್‌ಶಾಪಿಗೆ ಹಾಕುತ್ತಾರೆ. ಕೆಲಸ ಉಳಿಯುತ್ತದೆ, ಪಿಂಚಣಿಯೂ ಉಳಿಯುತ್ತದೆ. ನನಗೆ ಅಷ್ಟು ಸಾಕು, ಅಣ್ಣ. ಹಿಂದಿನ ಸಂಜೆ ಕುಡಿದೆ, ಸರಿಯಾಗಿ ಉಣ್ಣಲಿಲ್ಲ, ಮಾತ್ರೆ ಹೆಚ್ಚು ನುಂಗಿದೆ. ಈ ಮೂರನ್ನು ಬರೆಯಿರಿ. ಸಹಿ ಮಾಡುತ್ತೇನೆ.

ನಿಮ್ಮ ವಿಧೇಯ,
ತಮ್ಮ

*

ಫೆಬ್ರವರಿ ೨೦

ಚಿರಂಜೀವಿ ತಮ್ಮನಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಬಾರಿ ಓದಿದೆ. ಮರುಕವೂ ಆಯಿತು, ಅಸಮಾಧಾನವೂ ಆಯಿತು. ನೀನು ಬರೆದಿರುವುದು ತಪ್ಪೊಪ್ಪಿಗೆ; ಅರ್ಜಿಯಲ್ಲ. "ಕುಡಿದೆ, ಆದರೆ" ಎಂದು ಆರಂಭವಾಗುವ ವಾಕ್ಯದಲ್ಲಿ ಓದುವವನು "ಕುಡಿದೆ" ಎಂಬಲ್ಲಿಗೇ ನಿಲ್ಲುತ್ತಾನೆ. "ಆದರೆ" ಎಂಬುದರಾಚೆಗೆ ಯಾವ ಅಧಿಕಾರಿಯೂ ಕಣ್ಣು ಹಾಯಿಸಿದ್ದನ್ನು ನಾನು ಕಂಡಿಲ್ಲ.

ವರ್ಕ್‌ಶಾಪಿನಲ್ಲಿ ಗ್ರೀಸು ಮೆತ್ತಿಕೊಂಡು ಕೂರಲು ನಿನ್ನನ್ನು ನಾನು ಸಾಕಲಿಲ್ಲ. ಅಪ್ಪ ತೀರಿಕೊಂಡಾಗ ನೀನು ಚಡ್ಡಿ ತೊಡುವ ವಯಸ್ಸಿನವನು. ನೀನು ತಲೆಯೆತ್ತಿ ನಡೆಯಬೇಕೆಂದು ನಾನು ತಲೆ ತಗ್ಗಿಸಿ ಬರೆದವನು. ಆದ್ದರಿಂದ ಬೇಡುವುದಾದರೆ ಸಂಪೂರ್ಣ ಗೌರವದೊಂದಿಗೆ ಮರುನೇಮಕವನ್ನೇ ಬೇಡತಕ್ಕದ್ದು. ಕರಡನ್ನು ಲಗತ್ತಿಸಿದ್ದೇನೆ. ಮುಖ್ಯ ಭಾಗವನ್ನು ಇಲ್ಲಿಯೂ ಕಾಣಿಸಿದ್ದೇನೆ:

"ಮಹಾಸ್ವಾಮಿಯವರಲ್ಲಿ ಅರ್ಜಿದಾರನ ವಿನಮ್ರ ಅರಿಕೆ ಏನೆಂದರೆ, ಸದರಿ ಚಾಲಕನು ಹುಟ್ಟಿದಂದಿನಿಂದ ಇಂದಿನವರೆಗೂ ಮದ್ಯ ಮುಟ್ಟಿದವನಲ್ಲ. ಮದ್ಯವರ್ಜಿತವಾದ ಸಭ್ಯ ಕುಟುಂಬದಲ್ಲಿ ಜನಿಸಿ, ತಂದೆಗೆ ಸಮಾನನಾದ ಅಣ್ಣನ ನೆರಳಿನಲ್ಲಿ ಬೆಳೆದ ಸದರಿಯವನ ಮೇಲೆ ಹೊರಿಸಲಾದ ಆರೋಪವು ಚಂದ್ರನಿಗೆ ಮಸಿ ಬಳಿಯುವ ಪ್ರಯತ್ನದಂತಿದೆ. ಘಟನೆಯ ದಿನ ಸದರಿಯವನು ಬಹುಕಾಲದ ಮಧುಮೇಹದ ನಿಮಿತ್ತ ಆಕಸ್ಮಿಕವಾಗಿ ಅಸ್ವಸ್ಥನಾದನೆಂಬುದನ್ನು ಬಿಟ್ಟರೆ ಬೇರಾವ ಕಾರಣವೂ ಇರುವುದಿಲ್ಲ."

ರಕ್ತದಲ್ಲಿ ಕಂಡ ಅಂಶದ ಬಗ್ಗೆ ಚಿಂತಿಸಬೇಡ. ಕೆಮ್ಮಿನ ಔಷಧವೆನ್ನೋಣ. ಯಾವ ಔಷಧ ಎಂದು ಕೇಳುವಷ್ಟು ವ್ಯವಧಾನ ವಿಚಾರಣೆಗಳಲ್ಲಿ ಇರುವುದಿಲ್ಲ.

ಸಹಿ ಮಾಡಿ, ಒಂದು ಪ್ರತಿಯನ್ನು ನಿನ್ನಲ್ಲಿಟ್ಟುಕೊಂಡು ಮಿಕ್ಕವನ್ನು ಮರಳಿಸು.

ಹಿತಚಿಂತಕ,
ಅಣ್ಣ

*

ಫೆಬ್ರವರಿ ೨೭

ಅಣ್ಣನವರಿಗೆ ನಮಸ್ಕಾರಗಳು.

ಕರಡು ತಲುಪಿತು. ಸಹಿ ಮಾಡಿಲ್ಲ.

ನನ್ನವಳು ಅದನ್ನು ಓದಿ, "ಇದರಲ್ಲಿರೋ ಗಂಡ ಯಾರು? ಇಂಥವನನ್ನ ನಾನು ಮದುವೆ ಆಗಿದ್ರೆ ಚೆನ್ನಾಗಿತ್ತು" ಎಂದಳು. ನಗಿಸಲೆಂದು ಹೇಳಿದಳು. ಇಬ್ಬರಿಗೂ ನಗು ಬರಲಿಲ್ಲ.

ಕಂಪನಿಯ ಡಾಕ್ಟರಮ್ಮನನ್ನು ಕಂಡುಬಂದೆ. ಅವರು ಬೈಯಲಿಲ್ಲ, ಕುರ್ಚಿ ಎಳೆದು ಕೂರಿಸಿ, ಆ ಸಂಜೆ ಬಾಯಿಗೆ ಹೋದದ್ದನ್ನೆಲ್ಲ ಕೇಳಿದರು. ಹೇಳುತ್ತ ಹೋದಂತೆ ನನಗೆ ಆ ಸಭಾಂಗಣದ ಹಿಂದಿನ ಕೋಣೆ ಕಣ್ಣಿಗೆ ಕಟ್ಟಿತು. ಮಡಚುವ ಕುರ್ಚಿಗಳನ್ನು ಪೇರಿಸಿದ್ದ ಕೋಣೆ. ಹೊರಗೆ ನಿಮ್ಮ ವಿಭಾಗದವರು ನಿಮ್ಮನ್ನು ಹೊಗಳುತ್ತಿದ್ದರು. ಒಳಗೆ ನೀವು ಕೋಟಿನ ಜೇಬಿನಿಂದ ಬಾಟಲಿ ತೆಗೆದಿರಿ.

"ಅಣ್ಣ, ನಂಗೆ ಬೇಡ. ಬೆಳಿಗ್ಗೆ ಮೊದಲ ಟ್ರಿಪ್ಪು ನಂದೇ. ಸಕ್ಕರೆ ಬೇರೆ ಇದೆ."

"ಅದಕ್ಕೇ ಕುಡೀ ಅಂದಿದ್ದು. ನಿನ್ನ ಕಾಯಿಲೆ ಸಿಹೀದು, ಇದು ಕಹಿ. ಕಹಿ ಒಳಗೆ ಹೋದ್ರೆ ಸಿಹಿ ತಾನಾಗೇ ಇಳಿಯುತ್ತೆ."

"ಸೋಡಾ ಸಿಹೀದಲ್ವಾ?"

"ಸಿಹೀದು ನಿಂಗೆ ಕೊಡ್ತೀನೇನೋ? ಕಹಿ ಸೋಡಾನೇ ಹುಡುಕಿ ತಂದಿದ್ದೀನಿ. ಆ ಅನ್ನದ ತಟ್ಟೆ ಆಚೆ ಇಡು, ವಿಷ ಇರೋದು ಅದ್ರಲ್ಲಿ. ಬರೀ ಮಾಂಸ, ಸಾರು ತಿನ್ನು. ಒಂದಿನ ಅಣ್ಣನ ಮಾತು ಕೇಳಿದ್ರೆ ನಿನ್ನ ಕೊಂಬೇನೂ ಮುರಿಯಲ್ಲ."

ಕೇಳಿದೆ. ಒಂದಲ್ಲ, ಮೂರು ಲೋಟದಷ್ಟು ನಿಮ್ಮ ಮಾತು ಕೇಳಿದೆ.

ಡಾಕ್ಟರಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಕಹಿ ಸೋಡಾ ಅಂದ್ರಲ್ಲ, ಆ ಟಾನಿಕ್ ವಾಟರ್ ಬಾಟ್ಲಿ ಹಿಂದೆ ಬರೆದಿರೋದನ್ನ ಯಾವತ್ತಾದ್ರೂ ಓದಿದ್ದೀರಾ? ಸಿಹಿ ಸೋಡಾದಲ್ಲಿ ಇರೋ ಹಾಗೆ ಅದರಲ್ಲೂ ಸಕ್ಕರೆ ಇರುತ್ತೆ. ಕಹಿ ಮುಂದೆ ನಿಂತ್ಕೊಂಡು ಅದನ್ನ ಮರೆ ಮಾಡುತ್ತೆ ಅಷ್ಟೆ. ಸಾರು ಗಟ್ಟಿ ಇತ್ತು ಅಂದ್ರಿ. ಹಿಟ್ಟು ಕದಡದೆ ಗಟ್ಟಿ ಹೇಗಾಗುತ್ತೆ? ಬಾಟ್ಲಿ ಸಾಸ್ ಸುರಿದಿದ್ರೆ ಅದರಲ್ಲೂ ಸಕ್ಕರೆ. ಅನ್ನ ಬಿಟ್ಟು ಇವನ್ನೆಲ್ಲ ಹಾಕ್ಕೊಂಡ್ರಿ. ಅದಕ್ಕೇ ರಾತ್ರಿ ಮುನ್ನೂರು."

"ಹಾಗಾದ್ರೆ ಬೆಳಿಗ್ಗೆ ಯಾಕಮ್ಮ ಬಿತ್ತು?"

"ಸೋಡಾದ ಸಕ್ಕರೆ ಬೇಗ ಏರುತ್ತೆ, ಬೇಗ ಖರ್ಚಾಗುತ್ತೆ. ಆಮೇಲೆ ಖಾಲಿ ಹೊಟ್ಟೆಗೆ ಸಕ್ಕರೆ ಒದಗಿಸೋದು ಲಿವರ್ ಕೆಲಸ. ಆದ್ರೆ ಹೆಂಡ ಒಳಗೆ ಬಂದ್ರೆ ಅದು ಮೊದಲು ಹೆಂಡಾನ ಹೊರಗೆ ಹಾಕೋಕೆ ಹೋಗುತ್ತೆ, ಸಕ್ಕರೆ ನಲ್ಲಿ ಅಷ್ಟು ಹೊತ್ತೂ ಬಂದ್. ಮೇಲಿಂದ ನೀವು ಎರಡು ಮಾತ್ರೆ ನುಂಗಿದ್ರಿ, ಅವು ಇದ್ದಿದ್ದನ್ನೂ ಇಳಿಸಿದ್ವು. ತಿಂಡೀನೂ ಬಿಟ್ರಿ. ಕುಡಿದ ಮರುದಿನವೂ ಹೀಗಾಗಬಹುದು. ನೋಡೋರಿಗೆ ಅಮಲು ಅಂತಾನೇ ಕಾಣುತ್ತೆ."

ಇದನ್ನೆಲ್ಲ ಕಾಗದದ ಮೇಲೆ ಬರೆದು, ಬೇಕಾದರೆ ವಿಚಾರಣೆಗೂ ಬಂದು ಹೇಳುತ್ತೇನೆ ಎಂದರು. ಆದರೆ ಕುಡಿದೇ ಇಲ್ಲ ಎಂದು ನಾನು ಬರೆದುಕೊಟ್ಟರೆ ಅವರು ಬಂದು ಏನು ಹೇಳಬೇಕು? ಅವರ ಮಾತೆಲ್ಲ ನಿಂತಿರುವುದೇ ನಾನು ಕುಡಿದೆ ಎಂಬುದರ ಮೇಲೆ.

ನಿಮ್ಮ ಹೆಸರನ್ನು ನಾನು ಹೇಳುವುದಿಲ್ಲ, ಅಣ್ಣ. ಯಾರು ಸುರಿದರು ಎಂಬುದು ಬೇಡ. ಕುಡಿದೆ ಎಂಬಷ್ಟನ್ನು ಬರೆಯಿರಿ.

ವಿಧೇಯ,
ತಮ್ಮ

*

ಮಾರ್ಚ್ ೩

ತಮ್ಮನಿಗೆ,

ಎಲ್ಲಿ ಕುಡಿದೆ ಎಂದು ಕೇಳುತ್ತಾರೆ. ಅದನ್ನು ಹೇಳಿದ ಮೇಲೆ ಯಾರು ಸುರಿದರೆಂದು ಹೇಳದಿದ್ದರೂ ಹೇಳಿದಂತೆಯೇ. ಇಷ್ಟು ಸರಳ ಸಂಗತಿ ನಿನಗೆ ಹೊಳೆಯದಿರುವುದು ಆಶ್ಚರ್ಯ. ಡಾಕ್ಟರಮ್ಮನ ಪಾಂಡಿತ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ವೈದ್ಯ ಬೇರೆ, ವ್ಯವಹಾರ ಬೇರೆ.

ವಿಚಾರಣೆಯ ದಿನ ನಾನೇ ಸಾಕ್ಷಿಯಾಗಿ ಬಂದು, ತಂದೆಯ ಸ್ಥಾನದಲ್ಲಿ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಇದಕ್ಕಿಂತ ಹೆಚ್ಚಿನದನ್ನು ಯಾವ ಅಣ್ಣನೂ ಮಾಡಲಾರ. ಸಹಿ ಮಾಡುವುದಾದರೆ ಮಾಡು. ಇಲ್ಲವಾದರೆ ನಮ್ಮಿಬ್ಬರ ನಡುವಣ ಪತ್ರವ್ಯವಹಾರ ಇಲ್ಲಿಗೆ ಮುಕ್ತಾಯವಾದಂತೆ ತಿಳಿಯತಕ್ಕದ್ದು.

ಅಣ್ಣ

*

ಏಪ್ರಿಲ್ ೨

ಅಣ್ಣನವರಿಗೆ,

ಆದೇಶ ನಿನ್ನೆ ಕೈಗೆ ಬಂತು. ಕೆಲಸದಿಂದ ವಜಾ. ಪಿಂಚಣಿ ಇಲ್ಲ. ಸಮವಸ್ತ್ರವನ್ನು ಒಗೆದು ಮರಳಿಸಬೇಕಂತೆ. ನನ್ನವಳು ಅದನ್ನು ಒಗೆದು, ಇಸ್ತ್ರಿ ಮಾಡಿ, ಗುಂಡಿ ಸಡಿಲವಾಗಿದ್ದ ಕಡೆ ಹೊಲಿದಳು. "ಯಾರೋ ಹಾಕ್ಕೋತಾರಲ್ಲ" ಎಂದಳು.

ನೀವು ಪಕ್ಕದಲ್ಲಿ ನಿಲ್ಲುತ್ತೇನೆ ಎಂದಿರಿ. ಅದಕ್ಕೇ ಸಹಿ ಹಾಕಿದೆ. ಬೇರೆ ಯಾವ ಕಾರಣವೂ ಇಲ್ಲ. ಚಿಕ್ಕವನಿದ್ದಾಗ ಶಾಲೆಗೆ ಸೇರಿಸಲು ನೀವು ಹಾಗೆಯೇ ನಿಂತಿದ್ದಿರಿ, ಹೆಡ್‌ಮಾಸ್ತರರ ಮುಂದೆ, ನನ್ನ ಹೆಗಲ ಮೇಲೆ ಕೈಯಿಟ್ಟು.

ಆ ದಿನ ನಡೆದದ್ದನ್ನು ನೀವು ನೋಡಿದ್ದೀರಿ. ಆದರೂ ನನ್ನ ಕಡೆಯಿಂದ ಹೇಗೆ ಕಂಡಿತೆಂಬುದನ್ನು ಬರೆಯುತ್ತೇನೆ. ಬರವಣಿಗೆಯಲ್ಲೇ ಇರಲಿ ಎಂದವರು ನೀವು.

ಅಧಿಕಾರಿ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಚಂದ್ರನಿಗೆ ಮಸಿ ಎನ್ನುವಲ್ಲಿ ತಲೆಯೆತ್ತಿ, "ಬರವಣಿಗೆ ಚೆನ್ನಾಗಿದೆ. ಯಾರು ಬರೆದದ್ದು?" ಎಂದರು. ನೀವು ಕೋಟನ್ನು ಸರಿಮಾಡಿಕೊಂಡು ಎದ್ದುನಿಂತಿರಿ. ಅಷ್ಟು ಸಂತೋಷವನ್ನು ನಿಮ್ಮ ಮುಖದಲ್ಲಿ ನಿಮ್ಮ ಔತಣದ ದಿನವೂ ಕಂಡಿರಲಿಲ್ಲ.

ಆಮೇಲೆ ಅವರು ಆಸ್ಪತ್ರೆಯ ಕಾಗದವನ್ನು ಮೇಜಿನ ಮೇಲೆ ತಳ್ಳಿದರು. "ಕೆಮ್ಮಿನ ಔಷಧ ಅಂದ್ರಿ. ಇಷ್ಟು ಬರಬೇಕಾದ್ರೆ ಎಷ್ಟು ಬಾಟ್ಲಿ ಔಷಧ ಕುಡೀಬೇಕು ಗೊತ್ತಾ? ಹೋಗ್ಲಿ. ಹಿಂದಿನ ಸಂಜೆ ಇವರು ಎಲ್ಲಿದ್ರು?"

"ನನ್ನ ನಿವೃತ್ತಿಯ ಔತಣದಲ್ಲಿ, ಸ್ವಾಮಿ" ಎಂದಿರಿ.

"ಅಲ್ಲಿ ಕುಡಿತ ಇತ್ತಾ?"

ನಾನು ನಿಮ್ಮ ಕಡೆ ನೋಡಿದೆ. ನೀವು ಗೋಡೆಯ ಕಡೆ ನೋಡಿದಿರಿ.

"ಇರಲಿಲ್ಲ, ಸ್ವಾಮಿ. ನನ್ನ ಔತಣದಲ್ಲಿ ಅಂಥದ್ದಕ್ಕೆ ಆಸ್ಪದವಿಲ್ಲ. ಅಲ್ಲಿಂದ ಹೊರಟ ಮೇಲೆ ಇವನು ಎಲ್ಲಿಗೆ ಹೋದನೋ, ನಾನರಿಯೆ."

ಅಧಿಕಾರಿ ಕನ್ನಡಕ ತೆಗೆದಿಟ್ಟರು. "ಕಾಯಿಲೆ ಇದ್ದೋರು ನಿಜ ಹೇಳಿದ್ರೆ ನಮ್ಮ ನಿಯಮದಲ್ಲೇ ದಾರಿ ಇದೆ. ನಾನೇ ಆ ದಾರೀಲಿ ಎಷ್ಟು ಜನರನ್ನ ವರ್ಕ್‌ಶಾಪಿಗೆ ಕಳಿಸಿದೀನಿ. ಕದ್ದು ಕುಡಿದು, ಮುಟ್ಟೇ ಇಲ್ಲ ಅಂತ ಬರೆದುಕೊಟ್ಟೋರಿಗೆ ನನ್ನ ಹತ್ರ ದಾರಿ ಇಲ್ಲ."

ಅಷ್ಟು ಜನರೆದುರು ಅಣ್ಣ ಸುಳ್ಳು ಹೇಳಿದರೆನ್ನಲು ನಾಲಿಗೆ ಏಳಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ನೀವು ಕೇಳಿದಿರಿ: "ಭಾಷೆಗೆ ತಲೆದೂಗಿದ್ದು ನೋಡಿದ್ಯಾ?" ನೆನಪಿದೆಯೇ?

ಇನ್ನೊಬ್ಬರು ಮೇಲಧಿಕಾರಿ ಇದ್ದಾರಂತೆ, ಅವರಿಗೆ ಮೇಲ್ಮನವಿ ಕೊಡಬಹುದಂತೆ. ಅದನ್ನು ನಾನೇ ಬರೆದಿದ್ದೇನೆ. ನನಗೆ ಬರುವ ಭಾಷೆಯಲ್ಲಿ, ಒಂದೇ ಪುಟ. ಅದರಲ್ಲಿ ನೀವೂ ಇದ್ದೀರಿ, ನಿಮ್ಮ ಕೈಯೂ ಇದೆ, ಕಹಿ ಸೋಡಾವೂ ಇದೆ. ಇದರೊಂದಿಗೆ ಇಟ್ಟಿದ್ದೇನೆ. ಕೆಳಗೆ ಸಾಕ್ಷಿಯ ಜಾಗ ಖಾಲಿ ಬಿಟ್ಟಿದ್ದೇನೆ. ಸಹಿ ಮಾಡಿ ಕಳುಹಿಸಿ.

ತಮ್ಮ

*

ಏಪ್ರಿಲ್ ೧೯

ತಮ್ಮನಿಗೆ,

ನಿನ್ನ ಪತ್ರದ ಧಾಟಿಯಿಂದ ನೊಂದೆನೆಂಬುದನ್ನು ಮೊದಲಿಗೇ ದಾಖಲಿಸುತ್ತೇನೆ.

ನೀನು ಆರೋಪಿಸಿರುವಂತೆ ನಾನು ನಿನ್ನ ವಿರುದ್ಧ ಒಂದಕ್ಷರವನ್ನೂ ನುಡಿದಿರುವುದಿಲ್ಲ. ನೀನು ಕುಡಿದೆಯೆಂದು ನಾನು ಹೇಳಲಿಲ್ಲ. "ನಾನರಿಯೆ" ಎಂದೆ. ಔತಣದ ನಂತರ ನೀನು ರೈಲಿನಲ್ಲಿ ಏನು ಮಾಡಿದೆಯೆಂಬುದು ನಿಜಕ್ಕೂ ನನಗೆ ಗೊತ್ತಿಲ್ಲದ ವಿಷಯ. ಅದನ್ನು ಅಧಿಕಾರಿಯು ಹೇಗೆ ಅರ್ಥೈಸಿದನೆಂಬುದಕ್ಕೆ ನಾನು ಹೊಣೆಗಾರನಲ್ಲ.

ನನ್ನ ಪರಿಸ್ಥಿತಿಯನ್ನು ನೀನು ಒಂದು ಕ್ಷಣವಾದರೂ ಪರಿಶೀಲಿಸಿದೆಯಾ? ನಮ್ಮ ವಸತಿ ಕಟ್ಟಡದ ಸಮಿತಿಗೆ ನಾನು ಅಧ್ಯಕ್ಷ. ಹಿಂದಿನ ವರ್ಷ ಕಾವಲುಗಾರನು ಕುಡಿದು ಸಿಕ್ಕಿಬಿದ್ದಾಗ, ಅವನ ಹೆಂಡತಿ ಬಂದು ಗೋಗರೆದರೂ ಲೆಕ್ಕಿಸದೆ ಅವನನ್ನು ತೆಗೆದುಹಾಕಿದ ನಿರ್ಣಯವನ್ನು ಬರೆದವನು ನಾನು. ಮಹಡಿ ಮಹಡಿಯಲ್ಲೂ ಅದು ಅಂಟಿಸಲ್ಪಟ್ಟಿದೆ. ಮೆಟ್ಟಿಲಿಳಿಯುವಾಗ ಹೆಂಗಸರು ಮಕ್ಕಳಾದಿಯಾಗಿ ನನಗೆ ದಾರಿ ಬಿಡುತ್ತಾರೆ. ನಿವೃತ್ತನಾದವನಿಗೆ ಕುರ್ಚಿಯಿಲ್ಲ, ಮೇಜಿಲ್ಲ, ಉಳಿದಿರುವುದು ಹೆಸರೊಂದೇ. ನಿನಗಾದರೋ ದುಡಿಯುವ ವಯಸ್ಸಿದೆ.

ನೀನು ಬರೆದಿರುವ ಮೇಲ್ಮನವಿಯ ಭಾಷೆ ಹೀನಾಯವಾಗಿದೆ. "ಅಣ್ಣ ಸುರಿದರು, ನಾನು ಕುಡಿದೆ" ಎಂಬಂಥ ವಾಕ್ಯವನ್ನು ಯಾವ ಮೇಲಧಿಕಾರಿಯ ಮುಂದೆಯೂ ಇಡಲಾಗದು. ಸಹಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ನಿನ್ನ ಸಂಸಾರದ ಸ್ಥಿತಿಯನ್ನು ಮುಂದಿಟ್ಟು ದಯಾಭಿಕ್ಷೆಯ ಅರ್ಜಿಯೊಂದನ್ನು ನಾನು ಬರೆದುಕೊಡಲು ಈಗಲೂ ಸಿದ್ಧನಿದ್ದೇನೆ.

ಇದರೊಂದಿಗೆ ಸಕ್ಕರೆ ಹಾಕದ ಬಿಸ್ಕತ್ತಿನ ಪೊಟ್ಟಣಗಳನ್ನು ಕಳುಹಿಸಿದ್ದೇನೆ. ನಿನ್ನ ಕಾಯಿಲೆಗೆಂದೇ ಕೇಳಿ ಕೊಂಡದ್ದು. ನಿಶ್ಚಿಂತೆಯಿಂದ ತಿನ್ನು.

ಅಣ್ಣ

*

ಮೇ ೬

ಮೈದುನನಿಗೆ,

ನಾನು ಕಾಗದ ಬರೆದವಳಲ್ಲ. ಈ ಮನೆಯಲ್ಲಿ ಬರೆಯುವ ಕೆಲಸಕ್ಕೆ ಒಬ್ಬರು ಇದ್ದಾರೆಂದು ಬಿಟ್ಟುಬಿಟ್ಟಿದ್ದೆ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನೀನು ಕಳಿಸಿದ ಪುಟ ನಿಮ್ಮಣ್ಣನ ಮೇಜಿನ ಮೇಲಿದೆ. ದಿನಾ ಬೆಳಿಗ್ಗೆ ತೆಗೆದು ಓದುತ್ತಾರೆ, ಮತ್ತೆ ಅಲ್ಲೇ ಇಡುತ್ತಾರೆ. ಹರಿದೂ ಹಾಕುವುದಿಲ್ಲ, ಸಹಿಯೂ ಹಾಕುವುದಿಲ್ಲ. ನಾನು ಓದಿದೆ. ಅದರಲ್ಲಿ ಸುಳ್ಳಿಲ್ಲ.

ಆ ಸಂಜೆ ನಾನು ಹಿಂದಿನ ಕೋಣೆಯ ಬಾಗಿಲಲ್ಲೇ ಕೂತು ಹಣ್ಣು ಹೆಚ್ಚುತ್ತಿದ್ದೆ, ನಿನಗೆ ನೆನಪಿರಬಹುದು. ಅನ್ನದ ತಟ್ಟೆಯನ್ನು ನಿನ್ನ ಕೈಯಿಂದ ಇಸಿದುಕೊಂಡು ಹೋಗಿ ಇಟ್ಟವಳೂ ನಾನೇ. ಅವರು ಹೇಳಿದರು, ನಾನು ಇಸಿದುಕೊಂಡೆ. ಮನೆಯಲ್ಲಿ ದಿನಾ ಸಂಜೆ ಅವರ ಲೋಟ ತೊಳೆಯುವವಳೂ ನಾನೇ. ಕಷಾಯ ಎಂದು ಹೆಸರು. ಆ ಕಾವಲುಗಾರನ ಹೆಂಡತಿ ಬಾಗಿಲಲ್ಲಿ ಕೂತು ಅತ್ತ ದಿನವೂ ತೊಳೆದಿದ್ದೇನೆ.

ಮೊನ್ನೆ ಊಟಕ್ಕೆ ಬಡಿಸುತ್ತ ಹೇಳಿದೆ: "ನೀವು ಹೋಗೋದು ಬೇಡ. ನಾನು ಹೋಗಿ ಹೇಳ್ತೀನಿ, ನಾನೂ ಅಲ್ಲೇ ಇದ್ನಲ್ಲ."

ಅವರ ಕೈಯ ತುತ್ತು ತಟ್ಟೆಗೇ ಇಳಿಯಿತು. "ಹಾಗಾದರೆ ನಿನ್ನ ಹೇಳಿಕೆಯನ್ನು ನಾನು ಬರೆದುಕೊಡುತ್ತೇನೆ, ಅದನ್ನು ಓದಿದರೆ ಸಾಕು" ಎಂದರು.

"ಬೇಡ, ನಂಗೆ ಬಾಯಿ ಇದೆ" ಎಂದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಮಾತಿಲ್ಲ. ಉಪ್ಪು ಬೇಕಾದರೂ ಚೀಟಿಯಲ್ಲಿ ಬರೆದು ತಟ್ಟೆಯ ಪಕ್ಕ ಇಡುತ್ತಾರೆ. ಅಕ್ಷರ ಮಾತ್ರ ಮುತ್ತಿನಂತೆ!

ಯಾವತ್ತು ಬರಬೇಕೆಂಬುದನ್ನು ತಿಳಿಸು. ಬೆಳಗಿನ ರೈಲಿಗೆ ಬರುತ್ತೇನೆ. ಓರಗಿತ್ತಿಗೆ ಹೇಳು, ನನಗೆಂದು ಏನೂ ಮಾಡಬೇಡ ಎಂದು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಅತ್ತಿಗೆ

*

ಜುಲೈ ೧೧

ಅಣ್ಣನವರಿಗೆ,

ಮೇಲ್ಮನವಿ ಏನಾಯಿತೆಂದು ಕೇಳಿ ನೀವು ಬರೆದ ಪತ್ರ ತಲುಪಿತು. ಅದರಲ್ಲಿ "ನನ್ನ ಹೆಸರು ಯಾವ ಸಂದರ್ಭದಲ್ಲಿ, ಯಾರ ಯಾರ ಸಮ್ಮುಖದಲ್ಲಿ, ಯಾವ ಶಬ್ದಗಳಲ್ಲಿ ಉಲ್ಲೇಖಿತವಾಯಿತು" ಎಂಬುದರ ಕೆಳಗೆ ಗೆರೆ ಎಳೆದಿದ್ದೀರಿ. ನನ್ನ ಕೆಲಸದ ಬಗ್ಗೆ ಕೇಳಿದ್ದರ ಕೆಳಗೆ ಗೆರೆ ಇಲ್ಲ. ಆದರೂ ಮೊದಲು ಅದನ್ನೇ ಹೇಳುತ್ತೇನೆ.

ಕೆಲಸ ಸಿಕ್ಕಿದೆ. ವರ್ಕ್‌ಶಾಪಿನ ಟೈರು ವಿಭಾಗದಲ್ಲಿ. ಸಂಬಳ ಕಡಿಮೆ, ಪಿಂಚಣಿ ಉಂಟು. ಇನ್ನು ಸ್ಟೀರಿಂಗು ಮುಟ್ಟುವಂತಿಲ್ಲ. ಮುಟ್ಟಬಾರದೆಂದು ನನಗೂ ಅನ್ನಿಸಿದೆ. ಆ ಬೆಳಿಗ್ಗೆ ಪತ್ರಿಕೆ ಕೊಳ್ಳಲು ಅಂಗಡಿಯ ಮುಂದೆ ಒಬ್ಬರು ನಿಂತಿದ್ದರೆ? ಅದನ್ನು ನೀವು ಯಾವ ಕಾಗದದಲ್ಲೂ ಕೇಳಲಿಲ್ಲ. ನಾನು ಮಾತ್ರ ದಿನವೂ ಕೇಳಿಕೊಳ್ಳುತ್ತೇನೆ.

ಮೊದಲ ದಿನ ಹೋದಾಗ ಹಳಬನೊಬ್ಬ, "ಬಾರಪ್ಪ ಬಸವನಹುಳು. ಅಲ್ಲಿ ನಿಧಾನ ಅಂತಿದ್ರು, ಇಲ್ಲಿ ಗಾಡಿ ನಿಂತೇ ಇರುತ್ತೆ, ನಿಂಗೆ ಹೇಳಿ ಮಾಡಿಸಿದ ಜಾಗ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಜೇಬಿನಲ್ಲಿ ಈಗ ಸಕ್ಕರೆಯ ಪೊಟ್ಟಣ ಇರುತ್ತದೆ. ಯಾವಾಗ ಬಾಯಿಗೆ ಹಾಕಬೇಕು ಎಂಬುದನ್ನು ಪಕ್ಕದಲ್ಲಿ ಕೆಲಸ ಮಾಡುವವನಿಗೂ ಹೇಳಿಕೊಟ್ಟಿದ್ದೇನೆ. ನೀವು ಕಳಿಸಿದ ಬಿಸ್ಕತ್ತನ್ನು ತಿಂದು ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದೆ. ಸಕ್ಕರೆ ಹಾಕದಿದ್ದರೂ ಅದು ಹಿಟ್ಟೇ ತಾನೇ? ಏರಿತ್ತು. ಉಳಿದವನ್ನು ಹಂಚಿಬಿಟ್ಟೆ.

ಈಗ ನೀವು ಕೇಳಿದ್ದು.

ಡಾಕ್ಟರಮ್ಮ ಬಂದಿದ್ದರು. ರಾತ್ರಿ ಹೇಗೆ ಏರಿತು, ಬೆಳಿಗ್ಗೆ ಹೇಗೆ ಬಿತ್ತು ಎಂಬುದನ್ನು ಹೇಳಿದರು. ಕೊನೆಗೆ ಅತ್ತಿಗೆಯನ್ನು ಕರೆದರು. ಅತ್ತಿಗೆ ಸೆರಗು ಸರಿಮಾಡಿಕೊಂಡು ಎದ್ದರು. ಮೇಲಧಿಕಾರಿ, "ಕುಡಿಯೋಕೆ ಕೊಟ್ಟಿದ್ದು ಯಾರಮ್ಮ?" ಎಂದು ಕೇಳಿದರು.

"ನನ್ನ ಗಂಡ. ಇವನು ಬೇಡ ಅಂದ. ಅವರು ಅಣ್ಣ ಅಲ್ವಾ, ಬಿಡಲಿಲ್ಲ."

"ಹೆಸರು?"

ಅತ್ತಿಗೆ ನಿಮ್ಮ ಹೆಸರು ಹೇಳಿದರು. ಜೀವನದಲ್ಲಿ ಮೊದಲ ಸಲ ಇರಬೇಕು, ಧ್ವನಿ ಸ್ವಲ್ಪ ತಡವರಿಸಿತು. ಕೋಣೆಯಲ್ಲಿ ಮೇಲಧಿಕಾರಿ, ಗುಮಾಸ್ತ, ಡಾಕ್ಟರಮ್ಮ, ಸಂಘದ ಕಾರ್ಯದರ್ಶಿ ಮತ್ತು ನಾವು ಇದ್ದೆವು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಗುಮಾಸ್ತ ಹೆಸರನ್ನು ಬರೆದುಕೊಂಡ. ಇನ್ನೊಮ್ಮೆ ಹೇಳಿ ಎಂದು ಸಹ ಕೇಳಲಿಲ್ಲ. ಕಾರ್ಯದರ್ಶಿ ಆಕಳಿಸುತ್ತಿದ್ದ. ಅಧಿಕಾರಿ, "ಸರಿ, ಮುಂದೆ?" ಎಂದು ಪುಟ ತಿರುವಿದರು.

ಅಷ್ಟೇ, ಅಣ್ಣ. ಯಾರೂ ತಲೆ ಎತ್ತಿ ಸಹ ನೋಡಲಿಲ್ಲ.

ತಮ್ಮ